ಮಿಟ್‌ಫರ್ಡ್ ಅಕ್ಕತಂಗಿಯರ ಜೀವನಚರಿತ್ರೆ ಓದಿದವರು ಯಾರಿದ್ದೀರಿ? ಲೇಖಕಿ ಡಯಾನಾ ಕಡೆ ವಾಲಿದ್ದಾರಾ?

ನೀಲಿ ಶಾಯಿ

ಮೇರಿ ಲೊವೆಲ್ ಬರೆದ ಮಿಟ್‌ಫರ್ಡ್ ಅಕ್ಕತಂಗಿಯರ ಜೀವನಚರಿತ್ರೆಯನ್ನು ನಿನ್ನೆ ರಾತ್ರಿ ಮುಗಿಸಿದೆ. 2001ರ ಪುಸ್ತಕ. 2025ರಲ್ಲಿ ಇದನ್ನೇ ಆಧರಿಸಿ ಟಿವಿ ಸರಣಿ ಬಂತಲ್ಲ, ಅದನ್ನು ನೋಡಿದ ಮೇಲೆ ಮೂಲವನ್ನೂ ಓದೋಣ ಅಂತ ತರಿಸಿದ್ದೆ. ಹತ್ತು ದಿನ ಹಿಡಿಯಿತು. ಮುಗಿಸಿದ ಮೇಲೆ ಒಂಥರಾ ಕಸಿವಿಸಿ. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ಓದದವರಿಗಾಗಿ ಎರಡು ಮಾತು. ಇಂಗ್ಲೆಂಡಿನ ಆಕ್ಸ್‌ಫರ್ಡ್‌ಶೈರಿನಲ್ಲಿದ್ದ ಜಮೀನ್ದಾರಿ ಮನೆತನ. ಅಪ್ಪ ಲಾರ್ಡ್ ರೀಡ್ಸ್‌ಡೇಲ್. ಆರು ಹೆಣ್ಣು, ನಡುವೆ ಒಬ್ಬನೇ ಗಂಡು, ಟಾಮ್. ದೊಡ್ಡವಳು ನ್ಯಾನ್ಸಿ 1904ರಲ್ಲಿ ಹುಟ್ಟಿದವಳು, ಕಾದಂಬರಿಕಾರ್ತಿ ಆದಳು. ಎರಡನೆಯವಳು ಪಮೇಲಾ ಹೊಲ, ಕೋಳಿ, ಅಡುಗೆ ಅಂತ ಇದ್ದುಬಿಟ್ಟಳು. ಡಯಾನಾ ಬ್ರಿಟನ್ನಿನ ಫ್ಯಾಸಿಸ್ಟ್ ನಾಯಕ ಆಸ್ವಾಲ್ಡ್ ಮೋಸ್ಲಿಯನ್ನು ಮದುವೆಯಾದಳು. ಯೂನಿಟಿ ಹಿಟ್ಲರನ ಹಿಂದೆ ಹೋದಳು. ಜೆಸಿಕಾ ಕಮ್ಯುನಿಸ್ಟ್ ಆಗಿ ಅಮೆರಿಕ ಸೇರಿದಳು. ಕೊನೆಯವಳು ಡೆಬೊರಾ, ಡೆವನ್‌ಶೈರಿನ ಡಚೆಸ್.

ನನ್ನ ತಲೆಯಲ್ಲಿ ಉಳಿದದ್ದು ಒಂದು ಕಿಟಕಿ. ಸ್ವಿನ್‌ಬ್ರೂಕ್ ಮನೆಯ ಮಹಡಿಯಲ್ಲಿ ಯೂನಿಟಿ ಮತ್ತು ಜೆಸಿಕಾ ಇಬ್ಬರಿಗೂ ಸೇರಿ ಒಂದು ಕೋಣೆ. ನಡುವೆ ಗೆರೆ ಎಳೆದು ಪಾಲು ಮಾಡಿಕೊಂಡಿದ್ದರು. ಒಂದು ಕಡೆ ಹಿಟ್ಲರನ ಫೋಟೊ, ಇನ್ನೊಂದು ಕಡೆ ಲೆನಿನ್ನನ ಪುಟ್ಟ ಪ್ರತಿಮೆ. ವಜ್ರದ ಉಂಗುರ ತೊಗೊಂಡು ಕಿಟಕಿ ಗಾಜಿನ ಮೇಲೆ ಅಕ್ಕ ಸ್ವಸ್ತಿಕ ಗೀಚುತ್ತಾಳೆ, ತಂಗಿ ಸುತ್ತಿಗೆ ಕುಡುಗೋಲು ಗೀಚುತ್ತಾಳೆ. ಆಮೇಲೆ ಇಬ್ಬರೂ ತಮ್ಮದೇ ಗುಟ್ಟಿನ ಭಾಷೆಯಲ್ಲಿ ಹರಟುತ್ತಾ ಕೂರುತ್ತಾರೆ.

ಓದುವಾಗ ನಗು ಬಂತು. ಕಸಿವಿಸಿ ಆಗಿದ್ದು ಅದಕ್ಕೇ. ನಾನು ನಕ್ಕಿದ್ದು ಯಾರ ಜೊತೆ ಅಂತ ಆಮೇಲೆ ಹೊಳೆಯಿತು. ಲೊವೆಲ್ ಅವರು ಡಯಾನಾ ವಿಷಯದಲ್ಲಿ ಜಾಸ್ತಿ ಮೆತ್ತಗಾದರು ಅಂತ ನನಗೆ ಅನ್ನಿಸಿತು. ನಿಮಗೆ?

ಅರ್ಧ ಓದಿದವ

ಮೊದಲು ನನ್ನ ಗೋಳು ಕೇಳಿ. ಈ ಪುಸ್ತಕಕ್ಕೆ ಬ್ರಿಟನ್ನಿನಲ್ಲಿ ಒಂದು ಹೆಸರು, ಅಮೆರಿಕದಲ್ಲಿ ಇನ್ನೊಂದು. ಅದು ಗೊತ್ತಿಲ್ಲದೆ ಎರಡನ್ನೂ ಕೊಂಡೆ. ಎರಡನೆಯದರ ಮೂರನೇ ಪುಟದಲ್ಲಿ, ಅರೆ, ಇದನ್ನು ಎಲ್ಲೋ ಓದಿದ್ದೀನಲ್ಲ ಅನ್ನಿಸಿತು. ಈಗ ಎರಡೂ ಅರ್ಧ ಅರ್ಧ ಓದಿ ಇಟ್ಟಿದ್ದೇನೆ. ಒಟ್ಟು ಒಂದು ಪುಸ್ತಕ ಆಯಿತು ಅಂತ ಹೆಂಡತಿ ಹೇಳುತ್ತಾಳೆ.

ನಾನು ನಿಂತಿದ್ದು ಅಡ್ಡಹೆಸರುಗಳ ಕಾಟಕ್ಕೆ. ಅಮ್ಮ ಮವ್, ಅಪ್ಪ ಫಾರ್ವ್. ಜೆಸಿಕಾ ಅಂದರೆ ಡೆಕ್ಕಾ. ಡೆಬೊರಾ ಅಂದರೆ ಡೆಬೊ. ಪಮೇಲಾಗೆ 'ವುಮನ್'. ನ್ಯಾನ್ಸಿ ಮತ್ತು ಜೆಸಿಕಾ ಇಬ್ಬರೂ ಒಬ್ಬರನ್ನೊಬ್ಬರು ಸೂಸನ್ ಅಂತ ಕರೀತಾರೆ. ಈ ಸೂಸನ್ ಯಾರು ಅಂತ ನಾನು ಎರಡು ದಿನ ಹುಡುಕಿದ್ದೇನೆ.

ಗುಬ್ಬಚ್ಚಿ

ಅಯ್ಯೋ ಅರ್ಜುನನಿಗೆ ಹತ್ತು ಹೆಸರು ನೆನಪಿಟ್ಟುಕೊಳ್ಳುವವರಿಗೆ ಇದೇನು ಕಷ್ಟ! ನಾನು ಹಿಂದಿನ ಖಾಲಿ ಪುಟದಲ್ಲಿ ಪೆನ್ಸಿಲ್‌ನಲ್ಲಿ ವಂಶವೃಕ್ಷ ಬರೆದುಕೊಂಡೆ, ಪಕ್ಕದಲ್ಲಿ ಅಡ್ಡಹೆಸರು. ಎರಡನೇ ಅಧ್ಯಾಯದ ಹೊತ್ತಿಗೆ ಅದನ್ನು ನೋಡುವುದೇ ಬಿಟ್ಟೆ.

ಹಳೇ ಪೇಪರ್

ನೀಲಿ ಶಾಯಿ ಮೇಡಂ, ನಿಮಗೆ ಅನ್ನಿಸಿದ್ದು ಸರಿ. ವಾಲಿದ್ದಾರೆ. ಯಾಕೆ ವಾಲಿದರು ಅನ್ನುವುದು ಪುಸ್ತಕಕ್ಕಿಂತ ಸ್ವಾರಸ್ಯ.

ಇಸವಿಗಳನ್ನು ಒಂದು ಸಾಲಲ್ಲಿ ಇಟ್ಟು ನೋಡಿ. ಯೂನಿಟಿ ತೀರಿಕೊಂಡಿದ್ದು 1948ರಲ್ಲಿ. ನ್ಯಾನ್ಸಿ 1973. ಪಮೇಲಾ 1994. ಜೆಸಿಕಾ 1996. ಪುಸ್ತಕ ಬಂದಾಗ ಉಳಿದಿದ್ದವರು ಡಯಾನಾ ಮತ್ತು ಡೆಬೊರಾ ಇಬ್ಬರೇ. ಲೇಖಕಿ ಮನೆಗೆ ಹೋಗಿ ಕೂತು ಮಾತಾಡಿದ್ದು ಅವರ ಜೊತೆ. ತೊಂಬತ್ತು ದಾಟಿದ ಅಜ್ಜಿ, ಇನ್ನೂ ಚೆಲುವೆ, ಮಾತು ಬೆಣ್ಣೆ. ಟೀ ಕೊಟ್ಟವರ ಮೇಲೆ ಕಟುವಾಗಿ ಬರೆಯಲು ಗಟ್ಟಿ ಮನಸ್ಸು ಬೇಕು. ಜೆಸಿಕಾ ಬದುಕಿದ್ದಿದ್ದರೆ ಇದೇ ಪುಸ್ತಕ ಬೇರೆ ಆಗುತ್ತಿತ್ತು. ಜೆಸಿಕಾ ತನ್ನ ಆತ್ಮಕಥೆಯಲ್ಲಿ ಹೇಳಿದ್ದನ್ನು ಲೊವೆಲ್ ಎಷ್ಟೋ ಕಡೆ ಅನುಮಾನದಿಂದ ನೋಡುತ್ತಾರೆ. ಡಯಾನಾ ಹೇಳಿದ್ದಕ್ಕೆ ಅಷ್ಟು ಅನುಮಾನ ಇಲ್ಲ. ಉಳಿದವರ ಮಾತೇ ಕೊನೆಗೆ ಕಥೆ ಆಗುತ್ತದೆ. ನಮ್ಮ ಮನೆಗಳಲ್ಲೂ ಹಾಗೇ ತಾನೆ? ಆಸ್ತಿ ಪಾಲಿನ ಕಥೆಯನ್ನು ಕೊನೆಗೆ ಬದುಕಿರುವ ಚಿಕ್ಕಪ್ಪ ಹೇಳಿದಂತೆಯೇ ಎಲ್ಲರೂ ನಂಬುತ್ತಾರೆ.

ಡಯಾನಾ ಯಾರು ಅಂತ ಮರೆಯಬಾರದು. 1936ರ ಅಕ್ಟೋಬರ್‌ನಲ್ಲಿ ಬರ್ಲಿನ್‌ನಲ್ಲಿ, ಹಿಟ್ಲರನ ಪ್ರಚಾರ ಮಂತ್ರಿ ಗೊಬೆಲ್ಸ್ ಮನೆಯಲ್ಲಿ, ಮೋಸ್ಲಿ ಜೊತೆ ಅವಳ ಮದುವೆ ಆಯಿತು. ಹಿಟ್ಲರ್ ಅತಿಥಿ. ಇದು ಹುಡುಗಾಟ ಅನ್ನೋಣವಾ? ಆಗ ಅವಳಿಗೆ ಇಪ್ಪತ್ತಾರು. 1989ರಲ್ಲಿ ಬಿಬಿಸಿ ರೇಡಿಯೊದಲ್ಲಿ ಕೂತಾಗಲೂ ನಾಜಿಗಳು ಕೊಂದ ಅರವತ್ತು ಲಕ್ಷ ಯಹೂದಿಗಳ ಲೆಕ್ಕವನ್ನು ತಾನು ನಂಬುವುದಿಲ್ಲ ಅಂದಳು. ಅಷ್ಟು ಹೊತ್ತಿಗೆ ವಯಸ್ಸು ಎಪ್ಪತ್ತೊಂಬತ್ತು. ಬದಲಾಗುವವರಾಗಿದ್ದರೆ ಆಗಲೇ ಆಗಬೇಕಿತ್ತು.

ಮೂರನೇ ಬೆಂಚು

ಹಳೇ ಪೇಪರ್ ಸರ್, ನನ್ನದು ಬೇರೆ ಮಾತು. ನೀವು ಹೇಳಿದ ಗೊಬೆಲ್ಸ್ ಮನೆ ಮದುವೆ, ಪಶ್ಚಾತ್ತಾಪ ಇಲ್ಲದ್ದು, ಯುದ್ಧದ ಹೊತ್ತಲ್ಲಿ ಅವಳು ಕಂಡ ಜೈಲು, ಎಲ್ಲ ಈ ಪುಸ್ತಕದಲ್ಲೇ ಇದೆ. ಏನನ್ನೂ ಮುಚ್ಚಿಟ್ಟಿಲ್ಲ. ಪ್ರತಿ ಪುಟದಲ್ಲೂ 'ಛೀ' ಅಂತ ಬರೆಯಲಿಲ್ಲ, ಅಷ್ಟೇ. ಆ 'ಛೀ' ನಾವು ಹೇಳಿಕೊಳ್ಳಬಹುದಲ್ಲ?

ಇನ್ನೊಂದು ಗಮನಿಸಿ. ಲೊವೆಲ್ ಇದಕ್ಕೂ ಮುಂಚೆ ಬೆರಿಲ್ ಮಾರ್ಕಮ್, ಅಮೀಲಿಯಾ ಇಯರ್‌ಹಾರ್ಟ್ ಜೀವನಚರಿತ್ರೆ ಬರೆದವರು. ಇಬ್ಬರೂ ವಿಮಾನ ಹಾರಿಸಿದವರು. ಧೈರ್ಯ ಮಾಡಿ ಮನೆ ದಾಟಿದ ಹೆಣ್ಣು ಅಂದರೆ ಈ ಲೇಖಕಿಗೆ ಮನಸ್ಸು ಸೋಲುತ್ತದೆ. ಡಯಾನಾ ಮೇಲಿನ ಮಮತೆಗೆ ಅದೂ ಕಾರಣ ಇರಬಹುದು. ಗಿನ್ನೆಸ್ ಮನೆತನದ ಶ್ರೀಮಂತ ಗಂಡನನ್ನು, ಇಬ್ಬರು ಮಕ್ಕಳಿದ್ದೂ, ಬಿಟ್ಟು ಬಂದವಳು. ಅದೂ ಮದುವೆಯಾಗಿದ್ದ ಮೋಸ್ಲಿಗಾಗಿ. 1932ರಲ್ಲಿ!

ಹಳೇ ಪೇಪರ್

ಧೈರ್ಯ ಇದ್ದರೆ ಸಾಕಾ ರೀ? ಧೈರ್ಯ ಯೂನಿಟಿಗೂ ಇತ್ತು. 1934ರಲ್ಲಿ ಮ್ಯೂನಿಕ್‌ಗೆ ಹೋಗಿ, ಹಿಟ್ಲರ್ ಊಟಕ್ಕೆ ಬರುವ ಹೋಟೆಲ್ ಹುಡುಕಿ, ಅಲ್ಲಿ ಅದೇ ಜಾಗದಲ್ಲಿ ತಿಂಗಳುಗಟ್ಟಲೆ ಕೂತಳು. 1935ರ ಫೆಬ್ರವರಿಯಲ್ಲಿ ಅವನು ತನ್ನ ಮೇಜಿಗೆ ಕರೆಸಿದ. ಆಮೇಲೆ ನೂರಕ್ಕೂ ಹೆಚ್ಚು ಸಲ ಭೇಟಿ. ಪುಸ್ತಕದ ಈ ಭಾಗ ಸಿನಿಮಾ ನಟನ ಹಿಂದೆ ಬಿದ್ದ ಹುಡುಗಿ ಕಥೆ ಥರ ಓದಿಸಿಕೊಳ್ಳುತ್ತದೆ.

ಆದರೆ ಅದೇ ವರ್ಷ ಅವಳು ಯಹೂದಿಗಳನ್ನು ದ್ವೇಷಿಸುತ್ತೇನೆ ಅಂತ ನಾಜಿ ಪತ್ರಿಕೆಯೊಂದಕ್ಕೆ ಪತ್ರ ಬರೆದಳು. ಹೆಸರನ್ನು ಪೂರ್ತಿ ಹಾಕಿ ಅಂತಲೂ ಕೇಳಿಕೊಂಡಳು. 1939ರಲ್ಲಿ ಹಿಟ್ಲರ್ ಕಡೆಯಿಂದ ಅವಳಿಗೆ ಮ್ಯೂನಿಕ್‌ನಲ್ಲಿ ಒಂದು ಫ್ಲಾಟ್ ಸಿಕ್ಕಿತು. ಅದರಲ್ಲಿ ಇದ್ದದ್ದು ಒಂದು ಯಹೂದಿ ದಂಪತಿ. ಅವರು ದೇಶ ಬಿಡುತ್ತಿದ್ದಾರೆ ಅಂತ ಇವಳು ಖುಷಿಯಿಂದ ಅಕ್ಕನಿಗೆ ಪತ್ರ ಬರೆಯುತ್ತಾಳೆ. ಆ ದಂಪತಿಯ ಹೆಸರು ಏನು, ಎಲ್ಲಿಗೆ ಹೋದರು, ಏನಾದರು? ಯೂನಿಟಿಯ ಸಾಕಿದ ಇಲಿಗೆ ಹೆಸರಿದೆ ಈ ಪುಸ್ತಕದಲ್ಲಿ.

ನನ್ನ ದೂರು ಅಷ್ಟೇ. ಮನೆಯ ಒಳಗಿಂದ ನೋಡಿದರೆ ಎಲ್ಲರೂ ಮುದ್ದು.

ನೀಲಿ ಶಾಯಿ

ಆ ಫ್ಲಾಟ್ ವಿಷಯ ಓದಿದ್ದೆ, ಆದರೆ ಎರಡು ನಿಮಿಷ ನಿಲ್ಲಲಿಲ್ಲ. ನೀವು ಹೇಳಿದ ಮೇಲೆ ಆ ಪುಟ ತೆಗೆದು ಮತ್ತೆ ನೋಡಿದೆ. ಸರಿಯಾಗಿ ಇರುವುದು ಕೆಲವೇ ಸಾಲು.

ಟೀಚರಮ್ಮ

ನಿವೃತ್ತಿ ಆದ ಮೇಲೆ ಓದಿದ ಮೊದಲ ದಪ್ಪ ಪುಸ್ತಕ ಇದು. ನಿಮ್ಮ ಜಗಳ ನಡೀಲಿ, ನನಗೆ ಹೊಟ್ಟೆ ಉರಿದದ್ದು ಬೇರೆ ಕಡೆ.

ಟಾಮ್‌ನನ್ನು ಈಟನ್ ಅನ್ನುವ ದೊಡ್ಡ ಶಾಲೆಗೆ ಕಳಿಸಿದರು. ಹೆಣ್ಣುಮಕ್ಕಳಿಗೆ ಮನೆಯಲ್ಲೇ ಪಾಠ. ಒಂದಿಬ್ಬರು ಸ್ವಲ್ಪ ಕಾಲ ಅಲ್ಲಿ ಇಲ್ಲಿ ಹೋಗಿ ಬಂದದ್ದು ಬಿಟ್ಟರೆ ಶಾಲೆ ಅನ್ನುವುದೇ ಇಲ್ಲ. ಪಾಠ ಹೇಳುವ ಗವರ್ನೆಸ್‌ಗೆ ಸಂಬಳ ಕೊಡಲು ಅಮ್ಮ ಸಿಡ್ನಿ ಕೋಳಿ ಸಾಕಿ ಮೊಟ್ಟೆ ಮಾರುತ್ತಿದ್ದಳು. ಅಪ್ಪನ ಕಥೆ ಕೇಳಬೇಡಿ. ಜೀವಮಾನದಲ್ಲಿ ಒಂದೇ ಒಂದು ಕಾದಂಬರಿ ಓದಿದನಂತೆ. ಅದು ಎಷ್ಟು ಚೆನ್ನಾಗಿತ್ತು ಅಂದರೆ ಇನ್ನೊಂದು ಓದುವ ಅಗತ್ಯ ಕಾಣಲಿಲ್ಲವಂತೆ!

ಜೆಸಿಕಾಗೆ ವಿಜ್ಞಾನ ಓದುವ ಆಸೆ. ಚಿಕ್ಕ ಹುಡುಗಿ ಒಬ್ಬಳೇ ಸೈಕಲ್ ತುಳಿದುಕೊಂಡು ಹತ್ತಿರದ ಬರ್ಫರ್ಡ್ ಊರಿನ ಶಾಲೆಗೆ ಹೋಗುತ್ತಾಳೆ. ಹೆಡ್‌ಮಾಸ್ಟರನ್ನು ಕಾಣುತ್ತಾಳೆ. ಪ್ರವೇಶ ಪರೀಕ್ಷೆ ಪಾಸಾದರೆ ಸೇರಿಸಿಕೊಳ್ಳುತ್ತೇನೆ ಅಂತ ಅವರು ಹೇಳುತ್ತಾರೆ. ಖುಷಿಯಿಂದ ಮನೆಗೆ ಬಂದರೆ ಅಮ್ಮ ಬೇಡ ಅಂದುಬಿಡುತ್ತಾಳೆ. ಅಷ್ಟೇ, ಮಾತು ಮುಗಿಯಿತು.

ನಾನು ಮೂವತ್ತು ವರ್ಷ ಹಳ್ಳಿ ಶಾಲೆಗಳಲ್ಲಿ ಪಾಠ ಮಾಡಿದವಳು. ಏಳನೇ ಕ್ಲಾಸ್ ಮುಗಿದ ಮೇಲೆ ಬ್ಯಾಗ್ ವಾಪಸ್ ಕೊಡಲು ಬಂದ ಹುಡುಗಿಯರ ಮುಖ ನೋಡಿದ್ದೇನೆ. ಲಾರ್ಡ್ ಮನೆಯಾದರೇನು, ಆ ಮುಖ ಒಂದೇ. ಜೆಸಿಕಾ ಇದನ್ನು ಸಾಯುವವರೆಗೂ ಮರೆಯಲಿಲ್ಲ. ಲೊವೆಲ್ ಅಮ್ಮನ ಪರ ತುಂಬ ವಾದ ಮಾಡುತ್ತಾರೆ. ಅವಳಿಗೂ ಕಷ್ಟ ಇತ್ತು, ಏಳು ಮಕ್ಕಳು, ದುಡ್ಡಿಲ್ಲ ಅಂತ. ಅದೂ ನಿಜ. ಆದರೂ ಆ ಸೈಕಲ್ ನನ್ನ ಕಣ್ಣಿಂದ ಹೋಗುವುದಿಲ್ಲ.

ಲೆಕ್ಕದ ಪುಸ್ತಕ

ಟೀಚರಮ್ಮನವರು ದುಡ್ಡಿನ ಮಾತು ಎತ್ತಿದ್ದು ಒಳ್ಳೆಯದಾಯಿತು. ಈ ಮನೆತನ ಶ್ರೀಮಂತರು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಹೆಸರು ಇತ್ತು, ಜಮೀನು ಇತ್ತು, ಕೈಯಲ್ಲಿ ಕಾಸು ಓಡಾಡುತ್ತಿರಲಿಲ್ಲ. ಅಪ್ಪ ಮಾಡಿದ್ದೆಲ್ಲ ನಷ್ಟ. ಬ್ಯಾಟ್ಸ್‌ಫರ್ಡ್ ಮನೆ ಮಾರಿದ, ಆಸ್ತಾಲ್ ಮನೆ ಮಾರಿದ, ಕೊನೆಗೆ ತಾನೇ ಕಟ್ಟಿಸಿದ ಸ್ವಿನ್‌ಬ್ರೂಕ್ ಮನೆಯೂ ಹೋಯಿತು. ಚಿನ್ನ ತೆಗೆಯುತ್ತೇನೆ ಅಂತ ಕೆನಡಾಕ್ಕೆ ಹೋಗಿ ಬಂದ. ಚಿನ್ನ ಸಿಗಲಿಲ್ಲ. ಅವನು ಗಣಿ ಮಾಡಿದ ಊರಿನ ಹೆಸರು ಸ್ವಸ್ತಿಕ! ಯೂನಿಟಿ ಅಮ್ಮನ ಹೊಟ್ಟೆಯಲ್ಲಿ ಮೂಡಿದ್ದು ಅಲ್ಲೇ. ಕಾದಂಬರಿಯಲ್ಲಿ ಹೀಗೆ ಬರೆದರೆ ಯಾವ ಸಂಪಾದಕನೂ ಒಪ್ಪುವುದಿಲ್ಲ.

ಲೆಕ್ಕ ಗೊತ್ತಿದ್ದವಳು ಡೆಬೊರಾ ಒಬ್ಬಳೇ ಅಂತ ನನ್ನ ಅಭಿಪ್ರಾಯ. ಅವಳ ಮಾವ 1950ರಲ್ಲಿ ತೀರಿಕೊಂಡ. ಆಸ್ತಿಯನ್ನು ಮೊದಲೇ ಮಗನಿಗೆ ವರ್ಗ ಮಾಡಿ ಐದು ವರ್ಷ ತುಂಬಿದ್ದರೆ ತೆರಿಗೆ ಇಲ್ಲ. ಕೆಲವೇ ವಾರ ಬಾಕಿ ಇತ್ತು. ಶೇ. 80 ತೆರಿಗೆ ಬಿತ್ತು. ಸಾವಿರಾರು ಎಕರೆ ಮಾರಿದರು, ಹಾರ್ಡ್‌ವಿಕ್ ಹಾಲ್ ಅನ್ನುವ ಅರಮನೆಯನ್ನೇ ಬಿಟ್ಟುಕೊಟ್ಟರು. ತೀರಿಸುವುದಕ್ಕೆ 1970ರ ದಶಕ ಬಂತು. ಚಾಟ್ಸ್‌ವರ್ತ್ ಅರಮನೆ ಉಳಿಯಿತು. ಟಿಕೆಟ್ ಇಟ್ಟು ಜನರನ್ನು ಒಳಗೆ ಬಿಟ್ಟರು, 1977ರಲ್ಲಿ ತೋಟದ ಮಾಂಸ ತರಕಾರಿ ಮಾರುವ ಅಂಗಡಿ ತೆರೆದರು. ಡಚೆಸ್ ತಾನೇ ನಿಂತು ನಡೆಸಿದಳು. ನ್ಯಾನ್ಸಿ ಇವಳನ್ನು ಒಂಬತ್ತು ವರ್ಷದ ಬುದ್ಧಿಯವಳು ಅಂತ ಸದಾ ಗೇಲಿ ಮಾಡುತ್ತಿದ್ದಳು. ನೋಡಿ ಯಾರು ಮನೆ ಉಳಿಸಿದರು!

ಬಿಳಿ ಕೋಟು

ಇನ್ನೊಂದು ಗುಂಪಿನಲ್ಲಿ ಒಬ್ಬರು, ಜೆಸಿಕಾಳ ಮೊದಲ ಮಗು ಸತ್ತಿದ್ದು ಅಜ್ಜಿಯ ಮೂಢನಂಬಿಕೆಯಿಂದ, ಲಸಿಕೆ ಹಾಕಿಸದೆ ಅಂತ ಬರೆದಿದ್ದರು. ಅದು ತಪ್ಪು. ಇಲ್ಲೂ ಯಾರಾದರೂ ಹಾಗೆ ಅಂದುಕೊಂಡಿದ್ದರೆ ಅಂತ ಹೇಳುತ್ತಿದ್ದೇನೆ.

ಸಿಡ್ನಿಗೆ ಡಾಕ್ಟರರ ಮೇಲೆ ನಂಬಿಕೆ ಇರಲಿಲ್ಲ ಅನ್ನುವುದು ನಿಜ. ಒಳ್ಳೆಯ ಮೈ ತನ್ನನ್ನು ತಾನೇ ಸರಿ ಮಾಡಿಕೊಳ್ಳುತ್ತದೆ ಅನ್ನುವುದು ಅವಳ ಮಾತು. ಲಸಿಕೆಯೂ ಬೇಡ ಅನ್ನುತ್ತಿದ್ದಳು. ಆದರೆ ಜೆಸಿಕಾಳ ಮಗು ಜೂಲಿಯಾ ಹೋಗಿದ್ದು 1938ರಲ್ಲಿ, ದಡಾರದಿಂದ. ದಡಾರಕ್ಕೆ ಲಸಿಕೆ ಬಂದದ್ದೇ 1963ರಲ್ಲಿ. ಆಗ ಜೆಸಿಕಾ ಮತ್ತು ಅವಳ ಗಂಡ ಎಸ್ಮಂಡ್ ಲಂಡನ್ನಿನ ಬಡವರ ಕೇರಿಯಲ್ಲಿ ಇದ್ದರು. ಕೇರಿಯಲ್ಲಿ ದಡಾರ ಎದ್ದಿತು. ಮೊಲೆ ಕುಡಿಯುವ ಮಗುವಿಗೆ ತಾಯಿಯ ರಕ್ಷಣೆ ಇರುತ್ತದೆ ಅಂತ ಕ್ಲಿನಿಕ್‌ನಲ್ಲಿ ಹೇಳಿದರು. ತಾಯಿಗೆ ಮುಂಚೆ ದಡಾರ ಬಂದಿದ್ದರೆ ಆ ಮಾತು ಸರಿ. ಜೆಸಿಕಾಗೆ ಬಂದೇ ಇರಲಿಲ್ಲ. ಊರಾಚೆ ದೊಡ್ಡ ಮನೆ, ಶಾಲೆ ಇಲ್ಲ, ಬೇರೆ ಮಕ್ಕಳ ಜೊತೆ ಬೆರೆಯುವುದಿಲ್ಲ. ಎಲ್ಲಿಂದ ಅಂಟಬೇಕು? ತಾಯಿಗೂ ಮಗುವಿಗೂ ಒಟ್ಟಿಗೇ ಬಂತು. ತಾಯಿ ಉಳಿದಳು.

ಟೀಚರಮ್ಮ, ನೀವು ಹೇಳಿದ ಆ ಶಾಲೆಗೆ ಸೇರಿದ್ದರೆ ಬಹುಶಃ ಹತ್ತು ಹನ್ನೆರಡು ವರ್ಷಕ್ಕೇ ದಡಾರ ಬಂದು ಹೋಗಿರುತ್ತಿತ್ತು. ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಟೀಚರಮ್ಮ

ಅಯ್ಯೋ ದೇವರೇ. ಈ ಕೋನ ನನಗೆ ಹೊಳೆದೇ ಇರಲಿಲ್ಲ.

ಗುಬ್ಬಚ್ಚಿ

ಜೆಸಿಕಾ ನನ್ನ ಫೇವರಿಟ್. ಚಿಕ್ಕವಳಿದ್ದಾಗಲೇ ಬ್ಯಾಂಕಿನಲ್ಲಿ 'ಓಡಿಹೋಗುವ ಖಾತೆ' ತೆರೆದಿದ್ದಳು. ಹಬ್ಬಕ್ಕೆ ಯಾರಾದರೂ ಕಾಸು ಕೊಟ್ಟರೆ ಅದಕ್ಕೇ. ಬ್ಯಾಂಕಿನವರು ಗಂಭೀರವಾಗಿ ಉತ್ತರ ಬರೆದು ಖಾತೆ ತೆರೆದುಕೊಟ್ಟರು. ಹತ್ತೊಂಬತ್ತನೇ ವಯಸ್ಸಿಗೆ, 1937ರಲ್ಲಿ, ಆ ದುಡ್ಡು ತೆಗೆದುಕೊಂಡು ಎಸ್ಮಂಡ್ ಜೊತೆ ಅಂತರ್ಯುದ್ಧದ ಸ್ಪೇನ್‌ಗೆ ಹೋದೇಬಿಟ್ಟಳು. ಎಸ್ಮಂಡ್ ಚರ್ಚಿಲ್ಲನ ಹೆಂಡತಿಯ ತಂಗಿ ಮಗ. ವಾಪಸ್ ಕರೆತರಲು ಸರ್ಕಾರ ಯುದ್ಧನೌಕೆ ಕಳಿಸಿತು!

ಆದರೆ ಅಪ್ಪ ಆಮೇಲೆ ಅವಳ ಮುಖ ನೋಡಲೇ ಇಲ್ಲ. 1958ರಲ್ಲಿ ಸಾಯುವಾಗ ಉಯಿಲಿನಲ್ಲಿ ಅವಳೊಬ್ಬಳ ಹೆಸರು ಬಿಟ್ಟಿದ್ದ. ಹಿಟ್ಲರ್ ಜೊತೆ ಊಟ ಮಾಡಿದ ಮಕ್ಕಳಿಗೆ ಮನೆ ಬಾಗಿಲು ತೆರೆದಿತ್ತು, ಕಮ್ಯುನಿಸ್ಟ್ ಮಗಳಿಗೆ ಇಲ್ಲ.

ಮೂರನೇ ಬೆಂಚು

ಅದರಲ್ಲಿ ಒಂದು ತಿದ್ದುಪಡಿ. ಯುದ್ಧ ಶುರುವಾದ ಮೇಲೆ ಅಪ್ಪ ನಾಜಿಗಳ ವಿರುದ್ಧ ತಿರುಗಿದ. ಅಮ್ಮ ತಿರುಗಲಿಲ್ಲ. ಗಂಡ ಹೆಂಡತಿ ಬೇರೆ ಬೇರೆ ಆಗಿದ್ದೇ ಆ ಜಗಳದಲ್ಲಿ. ಅಮ್ಮ ಜೆಸಿಕಾಗೆ ಕೊನೆಯವರೆಗೂ ಪತ್ರ ಬರೆದಳು, ಅಮೆರಿಕಕ್ಕೂ ಹೋಗಿ ಬಂದಳು. ಯಾರು ಯಾವ ಕಡೆ ಅಂತ ಸುಲಭವಾಗಿ ಗೆರೆ ಎಳೆಯಲು ಬರುವುದಿಲ್ಲ ಈ ಮನೆಯಲ್ಲಿ.

ನನ್ನ ಪ್ರಶ್ನೆ ಇದು. 1940ರಲ್ಲಿ ನ್ಯಾನ್ಸಿ ಸರ್ಕಾರದವರ ಹತ್ತಿರ ಹೋಗಿ, ನನ್ನ ತಂಗಿ ಡಯಾನಾ ಅಪಾಯಕಾರಿ ಅಂತ ಹೇಳಿದಳು. ಡಯಾನಾಳನ್ನು ಜೂನ್‌ನಲ್ಲಿ ಹಾಲೊವೇ ಜೈಲಿಗೆ ಹಾಕಿದರು. ಮಗುವಿಗೆ ಹನ್ನೊಂದು ವಾರ. ಮೂರು ವರ್ಷಕ್ಕೂ ಮೇಲೆ ಒಳಗಿದ್ದಳು. ವಿಚಾರಣೆ ಇಲ್ಲ, ಕೋರ್ಟ್ ಇಲ್ಲ. ಮುಂದೆ ನ್ಯಾನ್ಸಿಗೆ ಕ್ಯಾನ್ಸರ್ ಬಂದು ವರ್ಸೇಲ್ಸ್‌ನಲ್ಲಿ ನರಳುವಾಗ ವಾರಗಟ್ಟಲೆ ಬಂದು ನೋಡಿಕೊಂಡವರಲ್ಲಿ ಡಯಾನಾ ಮುಂದೆ ಇದ್ದಳು. ಅಕ್ಕ ತನ್ನ ಮೇಲೆ ದೂರು ಕೊಟ್ಟಿದ್ದು ಅವಳಿಗೆ ತಿಳಿದದ್ದು ನ್ಯಾನ್ಸಿ ಹೋದ ಮೇಲೆ. ನ್ಯಾನ್ಸಿ ಮಾಡಿದ್ದು ಸರಿಯಾ?

ಹಳೇ ಪೇಪರ್

ಸರಿ. ಒಂದು ಕ್ಷಣವೂ ಯೋಚಿಸಲ್ಲ. ಫ್ರಾನ್ಸ್ ಬಿದ್ದು ಹೋಗಿತ್ತು. ಮನೆಯಲ್ಲಿ ಹಿಟ್ಲರನ ಸ್ನೇಹಿತೆ ಇದ್ದಾಳೆ. ಬಾಯಿ ಮುಚ್ಚಿಕೊಂಡು ಕೂರಬೇಕಿತ್ತಾ?

ಗುಬ್ಬಚ್ಚಿ

ಸರಿ ಇರಬಹುದು. ಆದರೆ ಆಮೇಲೆ ಮೂವತ್ತು ವರ್ಷ ಅವಳ ಎದುರು ಕೂತು ಟೀ ಕುಡಿದಳಲ್ಲ, ಹೇಳದೆ. ಅದು ಹೇಗೆ ಸಾಧ್ಯ? ಜೆಸಿಕಾ ನೆಟ್ಟಗೆ ಮಾಡಿದಳು. 1943ರಲ್ಲಿ ಡಯಾನಾಳನ್ನು ಬಿಡುಗಡೆ ಮಾಡಿದಾಗ, ಮತ್ತೆ ಒಳಗೆ ಹಾಕಿ ಅಂತ ಚರ್ಚಿಲ್‌ಗೆ ಪತ್ರ ಬರೆದಳು, ಅದು ಪೇಪರಿಗೂ ಹೋಯಿತು. ಬೆನ್ನ ಹಿಂದೆ ಏನೂ ಇಲ್ಲ. ಆಮೇಲೆ ನ್ಯಾನ್ಸಿಯ ಹಾಸಿಗೆ ಪಕ್ಕದಲ್ಲಿ ಬಿಟ್ಟರೆ ಡಯಾನಾ ಜೊತೆ ಮಾತೇ ಇಲ್ಲ.

ಲೆಕ್ಕದ ಪುಸ್ತಕ

ವಿಚಾರಣೆ ಇಲ್ಲದೆ ಜೈಲು ಅಂದಿರಲ್ಲ. 1942ರಲ್ಲಿ ನಮ್ಮ ಅಜ್ಜ ಚಳವಳಿಗೆ ಹೋದದ್ದಕ್ಕೆ ಹಿಂಡಲಗಾ ಜೈಲು ಕಂಡವರು. ಅವರಿಗೂ ವಿಚಾರಣೆ ಇರಲಿಲ್ಲ. ಅದೇ ಸರ್ಕಾರ, ಅದೇ ಚರ್ಚಿಲ್. ಡಯಾನಾಗೆ ಚರ್ಚಿಲ್ ಸಂಬಂಧಿ ಆದ್ದರಿಂದ ಜೈಲಿನ ಆವರಣದಲ್ಲೇ ಗಂಡನ ಜೊತೆ ಇರಲು ಮನೆ ಕೊಟ್ಟರು, ಕೆಲಸಕ್ಕೆ ಬೇರೆ ಕೈದಿಗಳು. ನಮ್ಮಜ್ಜನಿಗೆ ರಾಗಿ ಗಂಜಿ ನೀರಾಗಿತ್ತು ಅಂತ ಅಜ್ಜಿ ಹೇಳುತ್ತಿದ್ದರು. ಡಯಾನಾ ಜೈಲಿನ ಕಷ್ಟ ಓದುವಾಗ ನನಗೆ ಕಣ್ಣೀರು ಬರದೇ ಇದ್ದದ್ದಕ್ಕೆ ಇದೇ ಕಾರಣ ಇರಬೇಕು.

ಥೇಮ್ಸ್ ದಡದವ

ತಡವಾಗಿ ಬಂದೆ. ನಾನಿರುವುದು ರೆಡಿಂಗ್‌ನಲ್ಲಿ. ಮೊನ್ನೆ ಭಾನುವಾರ ಹೆಂಡತಿ ಮಕ್ಕಳನ್ನು ಕರೆದುಕೊಂಡು ಸ್ವಿನ್‌ಬ್ರೂಕ್‌ಗೆ ಹೋಗಿದ್ದೆ. ಚಿಕ್ಕ ಊರು. ಒಂದು ನದಿ, ಒಂದು ಸೇತುವೆ, ಒಂದು ಪಬ್, ಒಂದು ಚರ್ಚು. ಪಬ್ಬಿನ ಗೋಡೆ ಮೇಲೆಲ್ಲ ಈ ಅಕ್ಕತಂಗಿಯರ ಫೋಟೊ.

ಚರ್ಚಿನ ಹಿತ್ತಲಿನಲ್ಲಿ ನಾಲ್ಕು ಜನರ ಗೋರಿ ಇದೆ: ನ್ಯಾನ್ಸಿ, ಯೂನಿಟಿ, ಡಯಾನಾ, ಪಮೇಲಾ. ನ್ಯಾನ್ಸಿ ಕಲ್ಲಿನ ಮೇಲೆ ಹೆಗ್ಗಣದ ಥರ ಏನೋ ಕೆತ್ತಿದ್ದಾರೆ ಅಂತ ಮಗ ಕೂಗಿದ. ಅದು ಮೋಲ್ ಅನ್ನುವ ಪ್ರಾಣಿ, ಮಣ್ಣು ಅಗೆಯುವಂಥದ್ದು, ಅವರ ಮನೆತನದ ಲಾಂಛನ. ದೂರು ಕೊಟ್ಟವಳು, ದೂರಿಗೆ ಸಿಕ್ಕಿದವಳು ಒಂದೇ ಹುಲ್ಲಿನಲ್ಲಿ ಮಲಗಿದ್ದಾರೆ. ಜೆಸಿಕಾ ಅಲ್ಲಿಲ್ಲ.

ಒಳಗೆ ಹೋದರೆ ಇನ್ನೊಂದು ಮಜಾ. ಗೋಡೆಗೆ ಹಳೇ ಕಾಲದ ಫೆಟಿಪ್ಲೇಸ್ ಮನೆತನದ ಆರು ಗಂಡಸರ ಪ್ರತಿಮೆ. ಮೂರು ಮೂರರಂತೆ ಒಬ್ಬರ ಮೇಲೊಬ್ಬರು, ಕಲ್ಲಿನ ಅಟ್ಟದ ಮೇಲೆ ಮೊಣಕೈ ಊರಿ ಮಲಗಿದ್ದಾರೆ. ಥೇಟ್ ನಮ್ಮ ಸ್ಲೀಪರ್ ಕೋಚ್! ಲೋಯರ್, ಮಿಡ್ಲ್, ಅಪ್ಪರ್. ಮಗಳು ಟಿಟಿಇ ಎಲ್ಲಿ ಅಂತ ಕೇಳಿದಳು. ಪ್ರತಿ ಭಾನುವಾರ ಮಿಟ್‌ಫರ್ಡ್ ಮಕ್ಕಳು ಇದನ್ನೇ ನೋಡುತ್ತಾ ಕೂರುತ್ತಿದ್ದರು ಅಂತ ನೆನೆದರೆ ಅವರ ಕಿತಾಪತಿ ಎಲ್ಲಿಂದ ಬಂತು ಅಂತ ಸ್ವಲ್ಪ ಗೊತ್ತಾಗುತ್ತದೆ. ಅವರು ಕೂತ ಬೆಂಚುಗಳೂ ಅಲ್ಲೇ ಇವೆ. ಅಪ್ಪ ಕುದುರೆ ಜೂಜಿನಲ್ಲಿ ಗೆದ್ದ ದುಡ್ಡಿನಿಂದ ಮಾಡಿಸಿದ್ದಂತೆ.

ಟಾಮ್‌ಗೆ ಒಂದು ಫಲಕ ಇದೆ. ಜರ್ಮನ್ನರ ವಿರುದ್ಧ ಹೋರಾಡಲು ಮನಸ್ಸಿಲ್ಲದೆ ಬರ್ಮಾ ಕೇಳಿಕೊಂಡು ಹೋದ. 1945ರ ಮಾರ್ಚ್‌ನಲ್ಲಿ ಅಲ್ಲೇ ಸತ್ತ. ಒಬ್ಬನೇ ಮಗ.

ನೀಲಿ ಶಾಯಿ

ಫೋಟೊ ಇದ್ದರೆ ಹಾಕಿ, ಆ ಸ್ಲೀಪರ್ ಕೋಚ್‌ದು ಮಾತ್ರ. ಯೂನಿಟಿ ಕಲ್ಲಿನ ಮೇಲೆ ಏನಿದೆ?

ಥೇಮ್ಸ್ ದಡದವ

ಹೋರಾಟ ವ್ಯರ್ಥ ಆಯಿತು ಅನ್ನಬೇಡ ಅನ್ನುವ ಅರ್ಥದ ಒಂದು ಹಳೆಯ ಕವಿತೆಯ ಸಾಲು. ಅಮ್ಮ ಹಾಕಿಸಿದ್ದು ಅಂತ ಕಾಣುತ್ತದೆ. ಯಾವ ಹೋರಾಟ ಅಂತ ಕೇಳಬಾರದು. 1939ರ ಸೆಪ್ಟೆಂಬರ್ 3ರಂದು, ಯುದ್ಧ ಘೋಷಣೆ ಆದ ದಿನ, ಮ್ಯೂನಿಕ್‌ನ ಪಾರ್ಕಿನಲ್ಲಿ ತಲೆಗೆ ಗುಂಡು ಹಾರಿಸಿಕೊಂಡಳಲ್ಲ, ಗುಂಡು ಒಳಗೇ ಉಳಿಯಿತು, ಅವಳೂ ಉಳಿದಳು. ಒಂಬತ್ತು ವರ್ಷ ಮಗುವಿನಂತೆ ಅಮ್ಮ ನೋಡಿಕೊಂಡಳು. ಹಾಸಿಗೆ ಒದ್ದೆ ಮಾಡಿಕೊಳ್ಳುವ ದೊಡ್ಡ ಮಗಳು. ಆ ಪುಟಗಳಲ್ಲಿ ಸಿಡ್ನಿ ಬಗ್ಗೆ ನನಗಿದ್ದ ಸಿಟ್ಟು ಅರ್ಧ ಇಳಿಯಿತು. ಅರ್ಧ ಮಾತ್ರ.

ಅರ್ಧ ಓದಿದವ

ನಿಮ್ಮೆಲ್ಲರ ದೆಸೆಯಿಂದ ಮತ್ತೆ ಹಿಡಿದೆ. ಈಗ ಆಲ್ಬಂ ಜಗಳಕ್ಕೆ ಬಂದಿದ್ದೇನೆ. ಇದನ್ನು ಯಾರೂ ಹೇಳಲಿಲ್ಲವಲ್ಲ? 1970ರ ದಶಕದಲ್ಲಿ ಬೇರೊಬ್ಬರು ಯೂನಿಟಿ ಜೀವನಚರಿತ್ರೆ ಬರೆಯಲು ಹೊರಟರು. ಜೆಸಿಕಾ ಸಹಾಯ ಮಾಡಿದಳು ಅಂತ ಉಳಿದವರಿಗೆ ಸಿಟ್ಟು. ಅದೇ ಹೊತ್ತಿಗೆ ಡೆಬೊರಾ ಮನೆಯಿಂದ ಕುಟುಂಬದ ಫೋಟೊ ಆಲ್ಬಂ ಕಾಣೆ. ನೀನೇ ಕದ್ದೆ ಅಂತ ಪಮೇಲಾ ನೇರವಾಗಿ ಜೆಸಿಕಾಗೆ ಬರೆದಳು. ಅರವತ್ತು ವಯಸ್ಸಿನ ಹೆಂಗಸರು! ವರ್ಷಗಟ್ಟಲೆ ಮುಖ ಊದಿಸಿಕೊಂಡಿದ್ದರು. ಆಮೇಲೆ ಆಲ್ಬಂ ಆ ಮನೆಯಲ್ಲೇ ಸಿಕ್ಕಿತು.

ಹಿಟ್ಲರ್, ಲೆನಿನ್, ಜೈಲು ಎಲ್ಲ ದಾಟಿ ಬಂದವರು ಕೊನೆಗೆ ಕಿತ್ತಾಡಿದ್ದು ಆಲ್ಬಮ್ಮಿಗೆ. ನಮ್ಮ ಅತ್ತೆಯರು ಅಜ್ಜಿಯ ಮದುವೆ ಫೋಟೊಗೆ ಹನ್ನೆರಡು ವರ್ಷ ಮಾತು ಬಿಟ್ಟಿದ್ದರು, ಅದು ನೆನಪಾಯಿತು. ನಮ್ಮದು ಅಟ್ಟದ ಮೇಲಿನ ಅಕ್ಕಿ ಡಬ್ಬದ ಹಿಂದೆ ಸಿಕ್ಕಿತು.

ಗುಬ್ಬಚ್ಚಿ

ಪಮೇಲಾ ಬಾಯಿ ತೆರೆದದ್ದು ಅದೊಂದೇ ಸಲ ಇರಬೇಕು ಇಡೀ ಪುಸ್ತಕದಲ್ಲಿ.

ನೀಲಿ ಶಾಯಿ

ಗುಬ್ಬಚ್ಚಿ, ತಮಾಷೆಗೆ ಹೇಳಿದಿರೋ ಏನೋ, ನಾನು ಈ ವಾರ ಅದನ್ನೇ ಮಾಡಿದೆ. ಪುಸ್ತಕದ ಹಿಂದಿನ ಪದಸೂಚಿ ತೆಗೆದು ಪಮೇಲಾ ಇರುವ ಪುಟಗಳನ್ನು ಮಾತ್ರ ಓದುತ್ತಾ ಬಂದೆ. ಬೇಗ ಮುಗಿಯಿತು. ಉಳಿದ ಐವರ ಪತ್ರಗಳಲ್ಲಿ ಅವಳು ಬರುವುದು ನಗಿಸುವುದಕ್ಕೆ. ಹಳೇ ಪೇಪರ್ ಸರ್ ಉಳಿದವರ ಮಾತು ಕಥೆ ಆಗುತ್ತದೆ ಅಂದರು. ನಾನು ಇನ್ನೊಂದು ಸೇರಿಸುತ್ತೇನೆ. ಬರೆಯಲು ಬರುವವರ ಮಾತೂ ಹಾಗೇ. ಇವಳು ಚಿಕ್ಕಂದಿನಲ್ಲಿ ಪೋಲಿಯೊ ಬಂದವಳು, ಓದು ಬರಹದಲ್ಲಿ ಹಿಂದೆ. ನ್ಯಾನ್ಸಿ ಅವಳನ್ನು ಗೋಳು ಹೊಯ್ದುಕೊಂಡಷ್ಟು ಬೇರೆ ಯಾರನ್ನೂ ಹೊಯ್ದುಕೊಳ್ಳಲಿಲ್ಲ.

ಆದರೆ ಹುಡುಕಿದರೆ ಸಿಗುತ್ತಾಳೆ. ಕವಿ ಜಾನ್ ಬೆಟ್ಜೆಮನ್ ಮದುವೆಯಾಗು ಅಂತ ಕೇಳಿದ್ದ, ಬೇಡ ಅಂದಳು. ಡೆರೆಕ್ ಜಾಕ್ಸನ್ ಅನ್ನುವ ಭೌತವಿಜ್ಞಾನಿಯನ್ನು ಮದುವೆಯಾದಳು. ಅವನು ಕುದುರೆ ರೇಸಿನ ಜಾಕಿಯೂ ಹೌದು. ಬಿಟ್ಟಳು. ಆಮೇಲೆ ಗೆಳತಿಯೊಬ್ಬಳ ಜೊತೆ ಸ್ವಿಟ್ಜರ್ಲೆಂಡಿನಲ್ಲಿ ವರ್ಷಗಟ್ಟಲೆ ಇದ್ದಳು. ನ್ಯಾನ್ಸಿ ಸಾಯುವಾಗ ಕೊನೆಕೊನೆಗೆ ಹತ್ತಿರ ಬೇಕು ಅನ್ನಿಸಿದ್ದು ಇವಳೇ. ದಿಂಬು ಸರಿಮಾಡಲು, ಸಾರು ಮಾಡಲು, ಸುಮ್ನೆ ಕೂತಿರಲು.

ಟೀಚರಮ್ಮ

ಪ್ರತಿ ಮನೆಯಲ್ಲೂ ಒಬ್ಬಳು ಇರುತ್ತಾಳೆ ಬಿಡಿ ಹಾಗೆ. ನಮ್ಮಲ್ಲಿ ನಮ್ಮ ಎರಡನೇ ಅಕ್ಕ. ಪಮೇಲಾಳ ಕೋಳಿಗಳ ಬಗ್ಗೆ ಏನಾದರೂ ಇದೆಯಾ? ನಾನೂ ಈಗ ನಾಲ್ಕು ಸಾಕಿದ್ದೇನೆ.

ನೀಲಿ ಶಾಯಿ

ಇದೆ ಅಕ್ಕಾ. ಸ್ವಿಟ್ಜರ್ಲೆಂಡಿನಲ್ಲಿ ತಲೆ ಮೇಲೆ ಜುಟ್ಟು ಇರುವ ಒಂದು ತಳಿ ಕೋಳಿ ಇದೆ, ಆಪೆನ್‌ಜೆಲ್ ಕಡೆಯದು. ಬ್ರಿಟನ್ನಿನಲ್ಲಿ ಇರಲಿಲ್ಲ. ಮೊಟ್ಟೆ ತರಲು ಕಸ್ಟಮ್ಸ್‌ನವರು ಬಿಡುವುದಿಲ್ಲ. ಪಮೇಲಾ ಚಾಕೊಲೇಟ್ ಡಬ್ಬಿಯಲ್ಲಿ ಒಂದೊಂದು ಗುಂಡಿಗೆ ಒಂದೊಂದು ಮೊಟ್ಟೆ ಇಟ್ಟು, ಮುಚ್ಚಳ ಹಾಕಿ, ಕೈಯಲ್ಲಿ ಹಿಡಿದುಕೊಂಡು ಬಂದಳಂತೆ. ಮರಿ ಆದವು.